ಖಾಲಿ ಸೀಟಿನ ಅಕ್ಕ

ನಮ್ಮ ಮನೆಯ ಸೋಫಾ ಒಂದು ರಾಕ್ ಆಲ್ಬಮ್ಮಿನಲ್ಲಿದೆ. ಕವರಿನ ಚಿತ್ರದಲ್ಲಲ್ಲ, ಸಂಗೀತದೊಳಗೇ ಇದೆ. 'ಖಾಲಿ ಸೀಟು' ಎಂಬ ತಂಡ ತನ್ನ ಮೂರನೆಯ ಕ್ಯಾಸೆಟ್ಟನ್ನು ರೆಕಾರ್ಡ್ ಮಾಡುವ ಹೊತ್ತಿಗೆ ಅದು ಸ್ಪ್ರಿಂಗ್ ಬದಲಿಸಿಕೊಳ್ಳಲೆಂದು ಕುಷನ್ ಅಂಗಡಿಗೆ ಹೋಗಿತ್ತು. ಡ್ರಮ್ಮಿನ ಸದ್ದು ಗೋಡೆಗೆ ಬಡಿದು ವಾಪಸು ಬಾರದಿರಲೆಂದು ಅದನ್ನು ಎತ್ತಿ ಅಡ್ಡ ನಿಲ್ಲಿಸಿದ್ದರು. ಹೇಳಿದ ದಿನಕ್ಕೆ ಸೋಫಾ ಬರಲಿಲ್ಲ. ವಿಚಾರಿಸಲು ಹೋದರೆ ಅಂಗಡಿಯ ಯಜಮಾನರು ನನ್ನನ್ನು ಯಾರದೋ ಮನೆಯ ಕುರ್ಚಿಯಲ್ಲಿ ಕೂರಿಸಿ, "ಇನ್ನೆರಡು ಹಾಡು ಬಾಕಿ ಇದೆ ಸಾರ್, ಆಮೇಲೆ ಕಳಿಸ್ತೀನಿ" ಎಂದರು. ಸೋಫಾ ರಿಪೇರಿಗೂ ಹಾಡಿಗೂ ಏನು ಸಂಬಂಧ ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಗೋದಾಮಿನಿಂದ ಒಂದು ಹೆಣ್ಣುಧ್ವನಿ ಮೇಲೆದ್ದು ಬಂತು. ತೆರೆದ ಬಾಯಿ ಹಾಗೇ ಉಳಿಯಿತು. ಸೋಫಾದ ಮಾತು ಅವತ್ತು ಎತ್ತಲಿಲ್ಲ.

ಆ ಧ್ವನಿಯ ಒಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಾರೆ. ಅಕ್ಕ ಎಂದ ಮೇಲೆ ಬಹುವಚನ ಹಚ್ಚಿದರೆ ಅವಳೇ ಬೈಯುವುದರಿಂದ ನಾನೂ ಹಚ್ಚುವುದಿಲ್ಲ.

ಅಕ್ಕನ ಕೆಲಸ ಬಸ್ ನಿಲ್ದಾಣದಲ್ಲಿ. ಮಹಡಿಯ ಮೇಲೊಂದು ಗಾಜಿನ ಕೋಣೆ, ಅದರಲ್ಲೊಂದು ಮೇಜು, ಕತ್ತು ಬಗ್ಗಿಸಿ ನಿಂತ ಮೈಕು, ಪಕ್ಕದಲ್ಲಿ ಮರದ ಹಲಗೆಗೆ ಬಿಗಿದ ಮೂರು ಲೋಹದ ಪಟ್ಟಿಗಳು. ಪುಟ್ಟ ಮರದ ಸುತ್ತಿಗೆಯಿಂದ ಆ ಮೂರು ಪಟ್ಟಿಗಳನ್ನು ಸಾಲಾಗಿ ತಟ್ಟಿದರೆ ಕೆಳಗಿದ್ದ ಜನರ ಕಿವಿ ನೆಟ್ಟಗಾಗುತ್ತದೆ. ಆಮೇಲೆ ಅಕ್ಕ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಇಲ್ಲವೇ ಇಲ್ಲ ಎಂದು ಹೇಳುತ್ತಾಳೆ. ಅಧಿಕಾರಿಗಳು ಬದಲಾಗಿದ್ದಾರೆ, ಬಸ್ಸುಗಳ ಬಣ್ಣ ಬದಲಾಗಿದೆ, ಕೆಳಗಿನ ಬೆಂಚುಗಳು ಮರದಿಂದ ಕಬ್ಬಿಣಕ್ಕೆ ಬಡ್ತಿ ಪಡೆದಿವೆ. ಆ ಮೂರು ಪಟ್ಟಿಗಳು ಮಾತ್ರ ಅವೇ. ಅಕ್ಕನ ಮಾತಿನ ಧ್ವನಿ ತಗ್ಗಿನದು, ನಿಧಾನದ್ದು. ಅವಳು ಹೇಳಿದರೆ ತಡವಾದ ಬಸ್ಸೂ ಏನೋ ಒಳ್ಳೆಯ ಕಾರಣಕ್ಕೇ ತಡವಾಗಿರಬೇಕು ಅನ್ನಿಸುತ್ತಿತ್ತು.

ನಿಲ್ದಾಣದ ಎದುರಿಗೇ ಅವಳ ಗಂಡನ ಕುಷನ್ ಅಂಗಡಿ. ಗಂಡನನ್ನು ತಂಡದವರೆಲ್ಲ ಬಾವ ಎನ್ನುತ್ತಿದ್ದರು, ಏಕೆಂದರೆ ಗಿಟಾರು ನುಡಿಸುವವನು ಅಕ್ಕನ ಸ್ವಂತ ತಮ್ಮ. ಹಾಡಿಗೆ ಭಾವ ಮುಖ್ಯ ಎಂದು ಸಂಗೀತ ಬಲ್ಲವರು ಹೇಳುತ್ತಾರೆ. ಈ ತಂಡದಲ್ಲಿ ಬಾವನೇ ಇದ್ದರು, ಡ್ರಮ್ಮಿನ ಹಿಂದೆ. ಮುಚ್ಚಿಹೋದ ಹೋಟೆಲೊಂದು ತನ್ನ ಕುರ್ಚಿಗಳ ಜೊತೆಗೆ ಒಂದು ಹಳೇ ಡ್ರಮ್ ಸೆಟ್ಟನ್ನೂ ಅಂಗಡಿಗೆ ಸಾಗಿಸಿಬಿಟ್ಟಿತ್ತು. ಬಾವ ಮೊದಲು ಅದರ ಸ್ಟೂಲಿಗೆ ಹೊಸ ರೆಕ್ಸಿನ್ ಹೊದಿಸಿದರು, ಹೊದಿಸಿದ್ದು ಸರಿಯಾಗಿದೆಯೇ ನೋಡಲು ಅದರ ಮೇಲೆ ಕೂತರು, ಕೂತ ಮೇಲೆ ಕೈ ಸುಮ್ಮನಿರಲಿಲ್ಲ. ಹೀಗೆ ಕುಷನ್‌ನವರು ಪರ್ಕಷನ್‌ಗೆ ಇಳಿದರು. ತಮ್ಮನದು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ. ನಾಲ್ಕನೆಯವನು ಉದ್ದಣ್ಣ, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವನು, ಬೇಸ್ ಗಿಟಾರು ನುಡಿಸುತ್ತಿದ್ದ. ಆಳೂ ಉದ್ದ, ಗಿಟಾರೂ ಉದ್ದ. ಮಾತು ಮಾತ್ರ ಗಿಡ್ಡ.

ಇಂಡೀ ರಾಕ್ ಎಂಬ ಮಾತು ಆಗ ಅವರಿಗೆ ಗೊತ್ತಿರಲಿಲ್ಲ. ಯಾವ ಕಂಪನಿಯ ಹಂಗೂ ಇಲ್ಲದೆ ತಮ್ಮ ಹಾಡು ತಾವೇ ಕಟ್ಟಿ, ತಾವೇ ರೆಕಾರ್ಡ್ ಮಾಡಿ, ತಾವೇ ಹಂಚುವವರಿಗೆ ಹಾಗನ್ನುತ್ತಾರೆಂದು ಆಮೇಲೆ ಯಾರೋ ಹೇಳಿದಾಗ ಬಾವ, "ಓ, ಇದಕ್ಕೊಂದು ಹೆಸರೂ ಇದೆಯಾ? ನಾವು ಗತಿ ಇಲ್ದೆ ಮಾಡ್ತಿದ್ದೀವಿ ಅಂದ್ಕೊಂಡಿದ್ದೆ" ಎಂದಿದ್ದರು.

ಪದಗಳೆಲ್ಲ ಅಕ್ಕನವು. ಗಾಜಿನ ಕೋಣೆಯ ಕಿಂಡಿಗೆ ಬಂದು ಜನ ಏನೇನು ಕೇಳುತ್ತಾರೋ ಅದೇ ಅವಳ ಕಾವ್ಯ. ಜೊತೆಗೆ ಬಂದವರು ಕಾಣದಾದಾಗ ಅವರಿಗಾಗಿ ಮೈಕಿನಲ್ಲಿ ಕೂಗಿಸುತ್ತಾರಲ್ಲ, ಅದರಿಂದಲೇ 'ನೀಲಿ ಅಂಗಿ ತೊಟ್ಟವರು' ಎಂಬ ಹಾಡು ಹುಟ್ಟಿತು: ನೀಲಿ ಅಂಗಿ ತೊಟ್ಟವರೇ, ಎಲ್ಲಿದ್ದರೂ ಬನ್ನಿ, ನಿಮಗಾಗಿ ಒಬ್ಬರು ಇಲ್ಲಿ ಕಾಯುತ್ತಿದ್ದಾರೆ. ಹಾಡು ಮುಗಿದರೂ ನೀಲಿ ಅಂಗಿಯವನು ಬರುವುದಿಲ್ಲ. ಅವರ ಮೊಟ್ಟಮೊದಲ ಹಾಡು 'ಹಿಂದಿನ ಬಾಗಿಲು'. ಅದರ ಪಲ್ಲವಿ ಇಷ್ಟೇ:

ಹಿಂದಿನ ಬಾಗಿಲಿಂದ ಇಳಿದು ಹೋದೋರೇ,
ನಿಮ್ಮ ಸೀಟು ಇನ್ನೂ ಬೆಚ್ಚಗಿದೆ.

ಮೊದಲ ಕಾರ್ಯಕ್ರಮದಂದು ಸಭಾಂಗಣದ ಬಾಗಿಲಿಗೆ 'ಖಾಲಿ ಸೀಟು' ಎಂದು ದೊಡ್ಡದಾಗಿ ಬರೆದ ಬೋರ್ಡು ತೂಗಿಸಿದ್ದರು. ದಾರಿಹೋಕರು ಅದನ್ನು ಓದಿ, ಇರಬಹುದು ಪಾಪ ಎಂದುಕೊಂಡು ಮುಂದೆ ಹೋದರು. ಒಳಗೆ ತಂಡದ ಹೆಸರು ಅಕ್ಷರಶಃ ಸಾಕಾರವಾಗಿತ್ತು. ಕೂತಿದ್ದ ಬೆರಳೆಣಿಕೆಯ ಜನರಲ್ಲಿ ಹೆಚ್ಚಿನವರು ಬಾವನ ಗಿರಾಕಿಗಳು, ತಮ್ಮ ಕುರ್ಚಿ ಯಾವಾಗ ಸಿಗುತ್ತದೆ ಎಂದು ಕೇಳಲು ಬಂದವರು. ಆದರೆ ಅವರೇ ಮುಂದಿನ ಸಲ ನೆಂಟರಿಷ್ಟರನ್ನು ಕರೆತಂದರು. ನಾಲ್ಕೈದು ವರ್ಷಗಳಲ್ಲಿ ಖಾಲಿ ಸೀಟಿನ ಕಾರ್ಯಕ್ರಮಕ್ಕೆ ಸೀಟು ಸಿಗುವುದು ಕಷ್ಟವಾಯಿತು.

ಅವರು ರೆಕಾರ್ಡ್ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ಹೇಳಬೇಕು. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಫೋಮ್ ಹಾಳೆಗಳು ಚಾವಣಿಯವರೆಗೆ ಪೇರಿಸಿರುತ್ತಿದ್ದವು. ಅಂಟಿನ ವಾಸನೆ, ಕತ್ತರಿಸಿದ ರೆಕ್ಸಿನ್ನಿನ ಚೂರುಗಳು, ಕಾಲಿಗೆ ಚುಚ್ಚುವ ಸಣ್ಣ ಮೊಳೆಗಳು. ಅಲ್ಲಿ ಕೂಗಿದರೂ ಪಿಸುಮಾತಿನಷ್ಟೇ ಕೇಳುತ್ತಿತ್ತು. ಸ್ಟುಡಿಯೋ ಕಟ್ಟುವವರು ಏನೆಲ್ಲ ಖರ್ಚು ಮಾಡಿ ಪಡೆಯುವ ಮೌನ ಬಾವನಿಗೆ ಕಸುಬಿನ ಜೊತೆಗೇ ಬಂದಿತ್ತು. ರಜೆಯ ದಿನ ನಾಲ್ವರೂ ಒಟ್ಟಿಗೆ ನಿಂತು ನುಡಿಸುವುದು, ತಮ್ಮನ ದೊಡ್ಡ ಟೇಪ್ ರೆಕಾರ್ಡರ್ ಅದನ್ನು ಹಿಡಿಯುವುದು. ಆ ಯಂತ್ರದ ಬಗ್ಗೆ ತಮ್ಮನದೊಂದು ಕಟ್ಟಪ್ಪಣೆಯಿತ್ತು: ಅದು ರೆಕಾರ್ಡ್ ಮಾಡುವುದಕ್ಕೆ ಮಾತ್ರ, ಅದರಲ್ಲಿ ಕ್ಯಾಸೆಟ್ ಹಾಕಿ ಕೇಳಕೂಡದು. ಕೇಳಿದರೆ ಟೇಪು ಉಜ್ಜಿಕೊಂಡು ಹೋಗುವ ಹೆಡ್ ಸವೆಯುತ್ತದಂತೆ. ಕೇಳುವುದೇನಿದ್ದರೂ ಮನೆಯ ಟೇಪಿನಲ್ಲಿ. ನಕಲು ತೆಗೆಯುವುದೂ ಅವನ ರಿಪೇರಿ ಅಂಗಡಿಯ ಬೇರೆ ಯಂತ್ರಗಳಲ್ಲಿ. ಹೊಸ ಹೆಂಡತಿಗೂ ಯಾರೂ ಇಷ್ಟು ಮರ್ಯಾದೆ ಕೊಡಲ್ಲ ಎಂದು ಅಕ್ಕ ಗೇಲಿ ಮಾಡುತ್ತಿದ್ದಳು.

ಮೊದಲ ಕ್ಯಾಸೆಟ್ಟಿನ ಹೆಸರು 'ಚಿಲ್ಲರೆ ಕೊಡಿ'. ಕವರು ಮಾಡಿಸಲು ಅನುಕೂಲವಿಲ್ಲದೆ ಬಾವ ಮಿಕ್ಕ ರೆಕ್ಸಿನ್ ತುಂಡುಗಳಿಂದಲೇ ಪುಟ್ಟ ಚೀಲ ಹೊಲಿದರು. ಒಂದೊಂದು ಕ್ಯಾಸೆಟ್ಟೂ ಯಾರೋ ಒಬ್ಬರ ಸೋಫಾದ ಬಣ್ಣದ್ದು. ಅದರಲ್ಲಿ 'ಹಿಂದಿನ ಬಾಗಿಲು' ಶುರುವಾಗುವ ಮುನ್ನ ತೆರೆದ ಕಿಟಕಿಯಿಂದ ನಿಲ್ದಾಣದ ಗಂಟೆ, ಆ ಮೂರು ಪಟ್ಟಿಗಳ ಸದ್ದು, ತಾನಾಗಿ ಒಳಬಂದು ಕೂತಿತ್ತು. ಅವತ್ತು ಅಕ್ಕನ ಬದಲಿಗೆ ಬೇರೊಬ್ಬರು ತಟ್ಟಿದ್ದು. ಚೆನ್ನಾಗಿದೆ ಎಂದು ಹಾಗೇ ಬಿಟ್ಟರು. ಕೇಳಿದವರು ಏನು ಐಡಿಯಾ ಎಂದು ತಲೆದೂಗಿದರು. ತಂಡದವರೂ ಅದು ತಮ್ಮ ಐಡಿಯಾನೇ ಎಂಬಂತೆ ಸುಮ್ಮನಿದ್ದರು.

ಎರಡನೆಯದು 'ಒಳಗೆ ಸರಿಯಿರಿ', ಮೂರನೆಯದು 'ಬಾಗಿಲ ಬಳಿ ನಿಲ್ಲಬೇಡಿ'. ತಂಡಕ್ಕೊಂದು ಪದ್ಧತಿ ಬೆಳೆದಿತ್ತು: ಪ್ರತಿ ಕ್ಯಾಸೆಟ್ಟೂ 'ಹಿಂದಿನ ಬಾಗಿಲು' ಹಾಡಿನಿಂದಲೇ ಶುರುವಾಗಬೇಕು, ಆದರೆ ಹಳೆಯದನ್ನು ಅಂಟಿಸುವಂತಿಲ್ಲ, ಹೊಸದಾಗಿ ನುಡಿಸಬೇಕು. ನಡುವೆ ವರ್ಷಗಳು ಕಳೆದಿರುತ್ತಿದ್ದವು. ನಾಲ್ವರಿಗೂ ಕೆಲಸ, ಸಂಸಾರ; ಒಟ್ಟಿಗೆ ಅಭ್ಯಾಸಕ್ಕೆ ಬಿಡುವಿಲ್ಲ. ಹಾಗಾಗಿ ಕಾರ್ಯಕ್ರಮವಿರಲಿ, ರೆಕಾರ್ಡಿಂಗ್ ಇರಲಿ, ಅದಕ್ಕೆ ಮುಂಚೆ ಅವರವರ ಮನೆಯಲ್ಲಿ ಹಿಂದಿನ ಕ್ಯಾಸೆಟ್ ಹಾಕಿಕೊಂಡು ಅದರ ಜೊತೆ ನುಡಿಸಿ ಹಾಡು ನೆನಪು ಮಾಡಿಕೊಳ್ಳುತ್ತಿದ್ದರು. ಗಿಟಾರಿನ ತಂತಿಗಳನ್ನು ಬಿಗಿಯುವುದೂ ಕ್ಯಾಸೆಟ್ಟಿನ ಶ್ರುತಿಗೇ. ಬಾವ ತಾಳ ಹಿಡಿಯುವುದೂ ಅದರ ವೇಗಕ್ಕೇ.

ಮೂರು ಕ್ಯಾಸೆಟ್ಟುಗಳನ್ನು ಒಂದಾದಮೇಲೊಂದು ಕೇಳಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತಿತ್ತು. 'ಹಿಂದಿನ ಬಾಗಿಲು' ಪ್ರತಿ ಸಲವೂ ಇನ್ನಷ್ಟು ಚುರುಕು, ಇನ್ನಷ್ಟು ಎತ್ತರ. ಮೊದಲನೆಯದರಲ್ಲಿ ಬಸ್ಸು ಹೊರಟಂತಿದ್ದರೆ ಮೂರನೆಯದರಲ್ಲಿ ಬ್ರೇಕು ಕಿತ್ತಂತಿತ್ತು. ಒಂದು ಪತ್ರಿಕೆ 'ಈ ತಂಡ ಪ್ರತಿ ಬಾರಿಯೂ ಒಂದು ಮೆಟ್ಟಿಲು ಮೇಲೇರುತ್ತಿದೆ' ಎಂದು ಬರೆಯಿತು.

ಅಕ್ಕನೂ ಏರುತ್ತಿದ್ದಳು, ಗಂಟಲು ಹಿಡಿದುಕೊಂಡು. ಮನೆಯಲ್ಲಿ ಕ್ಯಾಸೆಟ್ ಹಾಕಿದರೆ ಪಲ್ಲವಿಯ ಆ ಎತ್ತರದ ಸಾಲು ಅವಳಿಗೆ ಸುಲಭಕ್ಕೆ ಎಟುಕುತ್ತಿರಲಿಲ್ಲ. ಒಂದು ಸಲ ತಮ್ಮನ ಹತ್ತಿರ, ನಾನು ಹೀಗೆ ಹಾಡಿದ್ದೆನಾ ಎಂದು ಕೇಳಿದ್ದಳು. ಟೇಪಿನಲ್ಲಿ ಎಲ್ಲರಿಗೂ ತಮ್ಮ ಧ್ವನಿ ಬೇರೆ ಥರವೇ ಕೇಳುತ್ತದೆ, ಅದು ಲೋಕಾರೂಢಿ ಎಂದು ಅವನು ಸಮಾಧಾನ ಹೇಳಿದ. ಬಾವನನ್ನು ಕೇಳಿದರೆ ಅವರು, ರೆಕಾರ್ಡಿಂಗಿನ ಹುರುಪಿನಲ್ಲಿ ನನ್ನ ಕೈ ಸ್ವಲ್ಪ ಓಡುತ್ತದೆ ಎಂದು ಮೀಸೆ ತಿರುವಿದರು. ಅಕ್ಕ ಆಮೇಲೆ ಯಾರನ್ನೂ ಕೇಳಲಿಲ್ಲ.

"ಟೇಪಲ್ಲಿ ಹಾಡಿದೋಳು ನಾನೇ ತಾನೆ," ಎನ್ನುತ್ತಿದ್ದಳು. "ಅವತ್ತು ಆಗಿದ್ದು ಇವತ್ತು ಯಾಕಾಗಲ್ಲ? ಆಗಬೇಕು."

ಆಗಿಸುತ್ತಿದ್ದಳು ಕೂಡ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾರ್ಯಕ್ರಮಕ್ಕೆ ಎರಡು ದಿನ ಮುಂಚಿನಿಂದ ಮನೆಯಲ್ಲಿ ಮೌನ. ಬೇಕಾದ್ದನ್ನೆಲ್ಲ ಕೈಸನ್ನೆಯಲ್ಲೇ ಕೇಳುತ್ತಿದ್ದಳು. ಬೈಗುಳಕ್ಕೂ ಸನ್ನೆ ಕಂಡುಹಿಡಿದಿದ್ದಾಳೆ ಎಂದು ಬಾವ ದೂರುತ್ತಿದ್ದರು. ವೇದಿಕೆಯ ಮೇಲೆ ಆ ಸಾಲು ಹತ್ತಿರವಾದಂತೆ ಅಕ್ಕ ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ಹಿಮ್ಮಡಿ ಎತ್ತಿ, ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಎತ್ತರದ ಕಪಾಟಿನಿಂದ ಡಬ್ಬ ಇಳಿಸುವವರ ಹಾಗೆ. ಸಭೆ ಉಸಿರು ಬಿಗಿ ಹಿಡಿಯುತ್ತಿತ್ತು. ಅವಳು ಡಬ್ಬ ಇಳಿಸದೆ ಎಂದೂ ಕೆಳಗೆ ಬರಲಿಲ್ಲ. ಹೀಗೆ ಹತ್ತಿರ ಹತ್ತಿರ ಮೂವತ್ತು ವರ್ಷ.

ಆಮೇಲೆ ಗಂಟಲು ಕೈಕೊಟ್ಟಿತು. ಮೊದಲು ಕಾರ್ಯಕ್ರಮದ ಮಾರನೆಯ ದಿನ ಮಾತ್ರ ಒಡೆಯುತ್ತಿದ್ದ ಧ್ವನಿ ಬರಬರುತ್ತ ವಾರವಿಡೀ ಒಡಕಾಗಿಯೇ ಉಳಿಯಿತು. ಮೈಕಿನಲ್ಲಿ ಅವಳು ಹೇಳಿದ ಊರಿನ ಹೆಸರು ಕೇಳಿಸದೆ ಜನ ಬೇರೆ ಬಸ್ಸು ಹತ್ತಿದರು. ಮೇಲಧಿಕಾರಿ ಕರೆಸಿ, ಹೀಗೇ ಆದರೆ ಕಳೆದುಹೋದ ಸಾಮಾನಿನ ವಿಭಾಗಕ್ಕೆ ಹಾಕಬೇಕಾಗುತ್ತದೆ ಎಂದ. ಧ್ವನಿ ಕಳಕೊಂಡವರಿಗೆ ಅದಕ್ಕಿಂತ ಸೂಕ್ತವಾದ ಜಾಗ ಕಚೇರಿಗೆ ತೋಚಿರಲಿಕ್ಕಿಲ್ಲ. ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, ಒಳಗೆ ಊತವಿದೆ ಎಂದರು. ಮಾತಿನ ಧ್ವನಿ ಒಂದು ಕಡೆ, ಹಾಡಿನ ಧ್ವನಿ ಇನ್ನೊಂದು ಕಡೆ ಎಳೆಯುತ್ತಿದೆ. ಹೀಗೆ ಕಿರುಚುವುದನ್ನು ಬಿಡದಿದ್ದರೆ ಎರಡೂ ಹೋದಾವು ಎಂದು ಕಡ್ಡಿ ಮುರಿದಂತೆ ಹೇಳಿದರು.

ಸರಿಯಾಗಿ ಅದೇ ಸಮಯಕ್ಕೆ ದೂರದ ಊರಿನಿಂದ ಒಬ್ಬಳು ಬಂದಳು. ಸಣ್ಣದೊಂದು ರೆಕಾರ್ಡ್ ಕಂಪನಿ ನಡೆಸುವವಳು. ಹಳೇ ಸಾಮಾನಿನ ಅಂಗಡಿಯಲ್ಲಿ ಕಂದು ರೆಕ್ಸಿನ್ನಿನ 'ಚಿಲ್ಲರೆ ಕೊಡಿ' ಸಿಕ್ಕಿ, ಕೇಳಿ, ಮರುಳಾಗಿ, ವಿಳಾಸ ಹುಡುಕಿಕೊಂಡು ಬಂದಿದ್ದಳು. ಮೂರೂ ಕ್ಯಾಸೆಟ್ಟುಗಳನ್ನು ಮತ್ತೆ ಹೊರತರುತ್ತೇನೆ, ಜೊತೆಗೆ ನಾಲ್ಕನೆಯದೊಂದನ್ನು ಹೊಸದಾಗಿ ಮಾಡೋಣ ಎಂದಳು. ಮೊದಲ ಹಾಡು ಯಾವುದೆಂದು ಹೇಳಬೇಕಾಗಿಯೇ ಇರಲಿಲ್ಲ.

ಅವಳು ಹೋದ ಮೇಲೆ ಗೋದಾಮಿನಲ್ಲಿ ಕೂತು ಅಕ್ಕ ತನ್ನ ತೀರ್ಮಾನ ಹೇಳಿದಳು.

"ನಾಲ್ಕನೇದು ಮಾಡೋಣ. ಅದಾದ್ಮೇಲೆ ನಾನು ಹಾಡಲ್ಲ. ಬೇರೆ ಯಾರಾದ್ರೂ ಗಟ್ಟಿ ಗಂಟಲಿನ ಹುಡುಗೀನ ನೋಡ್ಕೊಳ್ಳಿ."

ಉದ್ದಣ್ಣ, "ನನ್ನ ಜಾಗಕ್ಕೂ ಬೇರೆಯವನನ್ನ ನೋಡ್ಕೊಳ್ಳಿ ಹಾಗಾದ್ರೆ" ಎಂದು ಗಿಟಾರು ಚೀಲಕ್ಕೆ ತುರುಕತೊಡಗಿದ. ಅವನನ್ನು ಕೂರಿಸಲು ಬಾವನಿಗೆ ಸಾಕುಬೇಕಾಯಿತು. ಅಕ್ಕ ಹಾಡದಿದ್ದರೆ ತಂಡವಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ಅಭ್ಯಾಸಕ್ಕೆ ನಿಂತರು. ಮೂರನೆಯ ಕ್ಯಾಸೆಟ್ಟಿನ ಶ್ರುತಿಗೆ ತಂತಿ ಬಿಗಿದರು. ಆ ಸಾಲು ಬಂದಾಗ ಅಕ್ಕ ಹಿಮ್ಮಡಿ ಎತ್ತಿದಳು. ಧ್ವನಿ ಅರ್ಧದಾರಿಯಲ್ಲಿ ಬಿರುಕು ಬಿಟ್ಟು ಬರೀ ಗಾಳಿ ಬಂತು. ಮತ್ತೆ ಶುರು ಮಾಡಿದರು, ಮತ್ತೆ ಗಾಳಿ. ಬಾವ ಡ್ರಮ್ಮಿನ ಕಡ್ಡಿಗಳನ್ನು ಕೆಳಗಿಟ್ಟು, ಇವತ್ತು ಅಂಟಿನ ವಾಸನೆ ಜಾಸ್ತಿ ಇದೆ ಕಣೇ ಎಂದು ಎದ್ದು ಕಿಟಕಿ ತೆರೆದರು. ಅದು ಅಂಟಿನ ತಪ್ಪಲ್ಲ ಎಂದು ಅಕ್ಕನಿಗೂ ಗೊತ್ತಿತ್ತು, ಬಾವನಿಗೂ ಗೊತ್ತಿತ್ತು. ಅಕ್ಕ ಮನೆಗೆ ಹೋಗಿ ಯಾರ ಜೊತೆಗೂ ಮಾತಾಡಲಿಲ್ಲ. ಈ ಸಲ ಸನ್ನೆಯೂ ಇರಲಿಲ್ಲ.

ಕಂಪನಿಯಾಕೆ ಮೂರೂ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಸಿ ಅಕ್ಕನ ಫೋನಿಗೆ ಕಳಿಸಿದ್ದಳು, ಒಮ್ಮೆ ಕೇಳಿ ಒಪ್ಪಿಗೆ ಕೊಡಲೆಂದು. ಒಂದು ಮಧ್ಯಾಹ್ನ ಅಕ್ಕ ಗಾಜಿನ ಕೋಣೆಯಲ್ಲಿ ಡಬ್ಬಿಯ ಊಟ ಮುಗಿಸಿ, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು 'ಚಿಲ್ಲರೆ ಕೊಡಿ' ಹಾಕಿದಳು. ಅಷ್ಟರಲ್ಲಿ ಒಂದು ಬಸ್ಸು ಬಂತು. ಅಭ್ಯಾಸಬಲದಿಂದ ಇನ್ನೊಂದು ಕೈ ಸುತ್ತಿಗೆ ಎತ್ತಿ ಮೂರು ಪಟ್ಟಿ ತಟ್ಟಿತು. ಅದೇ ಗಳಿಗೆಗೆ ಇಯರ್‌ಫೋನಿನಲ್ಲೂ ಅದೇ ಮೂರು ಪಟ್ಟಿಯ ಸದ್ದು, ವರ್ಷಗಳ ಹಿಂದೆ ಕಿಟಕಿಯಿಂದ ನುಗ್ಗಿದ್ದು. ಒಂದು ಕಿವಿಯಲ್ಲಿ ಒಂದು ಗಂಟೆ, ಇನ್ನೊಂದರಲ್ಲಿ ಇನ್ನೊಂದು. ಎರಡೂ ಒಂದಕ್ಕೊಂದು ಕಚ್ಚಾಡಿದವು.

ಅಕ್ಕ ಬಸ್ಸನ್ನು ಮರೆತಳು. ಹಾಡನ್ನು ಹಿಂದಕ್ಕೆ ತಂದು ಮತ್ತೆ ಕೇಳಿದಳು, ಮತ್ತೆ ಪಟ್ಟಿ ತಟ್ಟಿದಳು. ಫೋನಿನ ಗಂಟೆ ಎತ್ತರ, ಮೇಜಿನ ಗಂಟೆ ತಗ್ಗು. ಮತ್ತೆ ತಟ್ಟಿದಳು. ಕೆಳಗೆ ಜನ ಗಂಟೆ ಕೇಳಿ ಎದ್ದು ನಿಂತರು, ಪ್ರಕಟಣೆ ಬಾರದೆ ಕೂತರು, ಮತ್ತೆ ಗಂಟೆಯಾಗಿ ಮತ್ತೆ ಎದ್ದರು. ಗಂಟುಮೂಟೆ ಹೊತ್ತ ಒಬ್ಬ ಮುದುಕ ಇಳಿಸುವುದು ಎತ್ತುವುದು ಸಾಕಾಗಿ ಮೇಲಕ್ಕೆ ಬಂದು ಗಾಜು ತಟ್ಟಿ, "ತಾಯಿ, ಬಸ್ಸು ಬಂತೋ ಇಲ್ಲವೋ? ಒಂದು ಹೇಳಿಬಿಡಿ" ಎಂದ. ಅಕ್ಕ ಅವನ ಬಸ್ಸನ್ನು ಹೇಳಿ, ತಕ್ಷಣ ತಮ್ಮನಿಗೆ ಫೋನು ಮಾಡಿದಳು.

"ನನ್ನ ಮೇಜಿನ ಮೇಲಿರೋದು ಕಬ್ಬಿಣ ಕಣೋ. ಅದು ದಪ್ಪ ಆಗಲ್ಲ, ಸಣ್ಣ ಆಗಲ್ಲ. ಟೇಪಲ್ಲಿ ಅದೂ ನನ್ನ ಥರಾನೇ ಕಿರುಚ್ತಾ ಇದೆ. ನಿನ್ನ ದೊಡ್ಡ ಯಂತ್ರ ಒಮ್ಮೆ ಬಿಚ್ಚಿ ನೋಡು."

ತಮ್ಮ ಅವತ್ತೇ ಸಂಜೆ ಗೋದಾಮಿನಲ್ಲಿ ಫೋಮ್ ಹಾಳೆಗಳಡಿ ಮಲಗಿದ್ದ ಆ ರೆಕಾರ್ಡರನ್ನು ಎತ್ತಿ ಮೇಜಿನ ಮೇಲಿಟ್ಟ. ಬಾವ, ಉದ್ದಣ್ಣ, ಅಕ್ಕ ಸುತ್ತ ನಿಂತರು. ಅದರಲ್ಲಿ ಮೊದಲ ಬಾರಿಗೆ ಅಂಗಡಿಯಿಂದ ಕೊಂಡ ಒಂದು ಬೇರೆ ಕ್ಯಾಸೆಟ್ ಹಾಕಿ ಕೇಳಿದ. ಹಾಡುಗಾರ ನಿದ್ದೆಗಣ್ಣಿನಲ್ಲಿ ಹಾಡಿದಂತೆ ಬಂತು. ಮೋಟಾರು ನಿಧಾನ. ಶುರುವಿನಿಂದಲೂ ನಿಧಾನ. ನಿಧಾನವಾಗಿ ಓಡುವ ಯಂತ್ರದಲ್ಲಿ ಹಿಡಿದದ್ದನ್ನು ಸರಿಯಾಗಿ ಓಡುವ ಯಂತ್ರದಲ್ಲಿ ಕೇಳಿದರೆ ವೇಗವೂ ಹೆಚ್ಚು, ಶ್ರುತಿಯೂ ಹೆಚ್ಚು. ಹಾಗೆ ಹೆಚ್ಚಾದದ್ದನ್ನೇ ಕೇಳಿ ಕಲಿತು, ಅದೇ ಎತ್ತರದಲ್ಲಿ ಹಾಡಿ, ಮತ್ತೆ ಅದೇ ಯಂತ್ರಕ್ಕೆ ಕೊಟ್ಟಿದ್ದರು. ಅದು ಮತ್ತೊಂದು ಮೆಟ್ಟಿಲು ಏರಿಸಿ ಕೊಟ್ಟಿತ್ತು. ಪತ್ರಿಕೆಯ ವಿಮರ್ಶೆಯೊಂದು ಅಕ್ಷರಕ್ಕಕ್ಷರ ನಿಜವಾದ ಅಪರೂಪದ ಪ್ರಸಂಗ ಇದು. ಊರವರ ಟೇಪುಗಳ ವೇಗವನ್ನೆಲ್ಲ ಸರಿಪಡಿಸಿದ್ದ ತಮ್ಮ ತನ್ನದನ್ನು ಹೆಡ್ ಸವೆದೀತೆಂದು ಒಮ್ಮೆಯೂ ಕೇಳಿರಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಹಿಂದೆ ಓಡ್ತಿದ್ದೆ?" ಎಂದಳು ಅಕ್ಕ.

ತಮ್ಮ ಸ್ಕ್ರೂಡ್ರೈವರ್ ನೋಡುತ್ತ, "ನಿನ್ನ ಹಿಂದೇನೇ ಅಕ್ಕಾ. ಸ್ವಲ್ಪ ಜೋರಾಗಿ ಹೋಗ್ತಿದ್ದ ನಿನ್ನ ಹಿಂದೆ" ಎಂದ.

"ನಾನೂ ಓಡಿದೀನಿ," ಎಂದ ಉದ್ದಣ್ಣ. "ಬೆರಳು ನೋಡಿ ಬೇಕಾದ್ರೆ."

ತಮ್ಮ, ಅಕ್ಕನ ಫೋನಿನಲ್ಲಿದ್ದ ಮೊದಲ ಕ್ಯಾಸೆಟ್ಟಿನ ಹಾಡನ್ನು ಕಂಪ್ಯೂಟರಿಗೆ ಹಾಕಿ, ವೇಗವನ್ನು ಚೂರುಚೂರೇ ಇಳಿಸುತ್ತ ಹೋದ. ಅಕ್ಕ ಕಣ್ಣು ಮುಚ್ಚಿ ಗಂಟೆಯನ್ನು ಮಾತ್ರ ಕೇಳುತ್ತ, ಇನ್ನೂ ಇನ್ನೂ ಎನ್ನುತ್ತಿದ್ದಳು. ಒಂದು ಕಡೆ, ಸಾಕು ಎಂದಳು. ಹಾಡು ಮುಂದುವರಿಯಿತು. ಗೋದಾಮಿನಲ್ಲಿ ಕೇಳಿಬಂದದ್ದು ಕ್ಯಾಸೆಟ್ಟಿನ ಚುರುಕು ಹುಡುಗಿಯಲ್ಲ. ತಗ್ಗಿನ, ನಿಧಾನದ, ಒಂದೊಂದು ಪದವನ್ನೂ ಪೂರ್ತಿ ನಿಲ್ಲಿಸಿ ಮುಂದೆ ಹೋಗುವ ಧ್ವನಿ. ಇವತ್ತಿನ ಅಕ್ಕನ ಧ್ವನಿಗೂ ಅದಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ.

ಬಾವ ಮೆಲ್ಲಗೆ, "ಇದು ನನಗೆ ಗೊತ್ತಿರೋ ಧ್ವನಿ ಕಣೇ. ಮದುವೆಗೆ ಮುಂಚೆ ಇದನ್ನ ಕೇಳ್ತಾ ಕೂತು ಎಷ್ಟು ಬಸ್ ತಪ್ಪಿಸ್ಕೊಂಡಿದೀನಿ" ಎಂದರು.

ಅಕ್ಕ ಅಳುತ್ತಾಳೆಂದು ಎಲ್ಲರೂ ಕಾದರು. ಅವಳಿಗೆ ಬಂದದ್ದು ಸಿಟ್ಟು. ಎದ್ದು ಹೋಗಿ ಟೀ ಲೋಟಗಳನ್ನು ಒಡೆಯುವಂತೆ ತೊಳೆದಳು. ತಮ್ಮ ಮೂರು ದಿನ ಅಕ್ಕನ ಮನೆಯ ಬೀದಿಗೇ ಬರಲಿಲ್ಲ. ನಾಲ್ಕನೆಯ ದಿನ ಅವಳೇ ಅವನ ಅಂಗಡಿಗೆ ಹೋಗಿ, ಊಟಕ್ಕೆ ಬರೋಕೆ ಇನ್ನು ಮೈಕಲ್ಲಿ ಕೂಗಿಸಬೇಕಾ ಎಂದು ಕೇಳಿ ಕರೆತಂದಳು.

ಇದರ ಇನ್ನೊಂದು ಮಗ್ಗುಲು ನನಗೆ ಹೊಳೆದದ್ದು ಆಮೇಲೆ. ಕ್ಯಾಸೆಟ್ಟಿನಲ್ಲಿ ಆ ಎತ್ತರಕ್ಕೆ ಹತ್ತಿಸಿದ್ದು ಮೋಟಾರು. ಅದಕ್ಕೆ ಬೆವರೂ ಇಲ್ಲ, ಉಸಿರೂ ಬೇಡ. ಆದರೆ ವೇದಿಕೆಯ ಮೇಲೆ ಮೋಟಾರು ಇರಲಿಲ್ಲ. ಅಲ್ಲಿ ಅಷ್ಟು ವರ್ಷ, ಯಾರೂ ಹಾಡಿರದ, ತಾನೂ ಎಂದೂ ಹಾಡಿರದ ಹಾಡನ್ನು, ತಾನೇ ಹಾಡಿದ್ದೆಂದು ನಂಬಿ ಅಕ್ಕ ನಿಜಕ್ಕೂ ಹಾಡಿಬಿಟ್ಟಿದ್ದಳು. ಯಂತ್ರದ ಸುಳ್ಳನ್ನು ಗಂಟಲಿನಿಂದ ನಿಜ ಮಾಡಿದವರು ಇನ್ನೊಬ್ಬರು ಇದ್ದರೆ ತೋರಿಸಿ, ಅವರ ಸೋಫಾಕ್ಕೂ ನಾನೇ ರೆಕ್ಸಿನ್ ಹಾಕಿಸಿಕೊಡುತ್ತೇನೆ.

ತಗ್ಗಿಸಿ ಹಾಡಿದರೆ ಹೇಗೆ ಎಂದು ಡಾಕ್ಟರನ್ನು ಕೇಳಿದರು. ಅವರು ಎದುರಿಗೇ ಹಾಡಿಸಿ ನೋಡಿ, ಇದು ನೀವು ಮಾತಾಡುವ ಧ್ವನಿಯ ಪಕ್ಕದ ಮನೆಯಲ್ಲೇ ಇದೆ, ಕೆಲವು ವಾರ ವಿಶ್ರಾಂತಿ ಕೊಟ್ಟು ಆಮೇಲೆ ಹಾಡಿ, ತೊಂದರೆಯಿಲ್ಲ ಎಂದರು. ಅಕ್ಕ ರಜೆ ಹಾಕಿ ಬಾಯಿಗೆ ಬೀಗ ಹಾಕಿಕೊಂಡಳು.

ಕಂಪನಿಯಾಕೆಗೆ ಮಾತ್ರ ಅಳುಕು. ಕೇಳುಗರು ಆ ಎತ್ತರವನ್ನೇ ಪ್ರೀತಿಸಿದವರು, ತಗ್ಗಿಸಿದರೆ ವಯಸ್ಸಾಯಿತು ಎಂದಾರು ಎಂದಳು. ನೀವು ಆರಾಮವಾಗಿ ಹಾಡಿ, ಕಂಪ್ಯೂಟರಿನಲ್ಲಿ ಏರಿಸಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಸೇರಿಸಿದಳು.

"ಅದನ್ನ ಇಷ್ಟು ವರ್ಷ ನನ್ನ ತಮ್ಮನೇ ಮಾಡಿಕೊಟ್ಟಿದಾನಮ್ಮ," ಎಂದಳು ಅಕ್ಕ. "ಇನ್ನು ಸಾಕು. ವಯಸ್ಸಾಯ್ತು ಅಂದ್ರೆ ಅನ್ನಲಿ. ಆಗಿದೆಯಲ್ಲ."

ಹಳೆಯ ಮೂರನ್ನು ಸರಿಯಾದ ವೇಗಕ್ಕೆ ಇಳಿಸಿ ಹೊರತರೋಣವೇ ಎಂಬ ಪ್ರಶ್ನೆಯೂ ಬಂತು. ಅಕ್ಕ ಬೇಡ ಎಂದಳು. ಕ್ಯಾಸೆಟ್ಟಿನ ಆ ಹುಡುಗಿಯನ್ನು ಜನ ಮನೆಗೆ ಕರಕೊಂಡು ಹೋಗಿ ಸಾಕಿದ್ದಾರೆ, ಈಗ ಅವಳನ್ನು ಬದಲಾಯಿಸುವುದು ಸರಿಯಲ್ಲ. ತಾನು ಅವಳ ಜೊತೆ ಸ್ಪರ್ಧೆ ಬಿಟ್ಟರಾಯಿತು ಎಂಬುದು ಅವಳ ವಾದ. ನಾಲ್ಕನೆಯದನ್ನು ಅದೇ ಗೋದಾಮಿನಲ್ಲಿ ನುಡಿಸಿದರು, ಕಂಪನಿಯವರ ಹೊಸ ಯಂತ್ರದಲ್ಲಿ. ಹಾಡಿದ ಮಾರನೆಯ ದಿನ ಅಕ್ಕ ಗಾಜಿನ ಕೋಣೆಗೆ ಹೋಗಿ ಇಡೀ ದಿನದ ಬಸ್ಸುಗಳನ್ನು ಒಂದು ಬಿರುಕೂ ಇಲ್ಲದೆ ಹೇಳಿದಳು. ಕಳೆದುಹೋದ ಸಾಮಾನಿನ ವಿಭಾಗದವರು ಬೇರೆಯವರನ್ನು ಹುಡುಕಿಕೊಂಡರು.

ಆಲ್ಬಮ್ ಹೊರಬಂದ ಸಂಜೆ ಕಾರ್ಯಕ್ರಮವಿತ್ತು. ಸಭೆಯಲ್ಲಿ ತಲೆ ನರೆತವರು, ತಲೆಯ ಮೇಲೆ ನರೆಯಲೂ ಏನೂ ಉಳಿಯದವರು, ಅವರ ಮಕ್ಕಳು. ಹಾಡುತ್ತಾಳೋ ಇಲ್ಲವೋ ಎಂಬ ಸುದ್ದಿ ಹಬ್ಬಿದ್ದರಿಂದ ಎಲ್ಲರ ಕಣ್ಣೂ ಅಕ್ಕನ ಗಂಟಲ ಮೇಲೆ. ಬಾವ ಕಡ್ಡಿ ತಟ್ಟಿ ಲೆಕ್ಕ ಕೊಟ್ಟರು, ನಿಧಾನಕ್ಕೆ. 'ಹಿಂದಿನ ಬಾಗಿಲು' ಶುರುವಾಯಿತು. ಅಕ್ಕನ ಎರಡೂ ಪಾದಗಳು ನೆಲದ ಮೇಲಿದ್ದವು.

ಯಾರೂ ಯೋಚಿಸಿರದ ಒಂದು ತೊಂದರೆ ಆಗ ಎದುರಾಯಿತು. ಸಭೆಗೆ ಹಾಡು ಬಾಯಿಪಾಠ, ಆದರೆ ಕ್ಯಾಸೆಟ್ಟಿನ ವೇಗದಲ್ಲಿ. ಪಲ್ಲವಿ ಬಂದದ್ದೇ ಎಲ್ಲರೂ ಜೊತೆಗೂಡಿ ಎತ್ತರಕ್ಕೆ ಹತ್ತಿ, ಭರ್ರನೆ ಓಡಿ, ಬೆಚ್ಚಗಿದೆ ಎನ್ನುವಲ್ಲಿಗೆ ತಲುಪಿ ನಿಂತರು. ತಿರುಗಿ ನೋಡಿದರೆ ಅಕ್ಕ ಇನ್ನೂ ಬಾಗಿಲಿನಿಂದ ಇಳಿಯುತ್ತಿದ್ದಳು. ಇಡೀ ಸಭೆ ಮುಂದಿನ ನಿಲುಗಡೆಯಲ್ಲಿ ಕಾಯುವಂತಾಯಿತು. ಹಿಂದಿನ ಸಾಲಿನಿಂದ ಯಾರೋ, "ಅಕ್ಕಾ, ಇನ್ನೂ ಮೇಲೆ" ಎಂದು ಕೂಗಿದರು.

ಅಕ್ಕ ಹಾಡು ನಿಲ್ಲಿಸಲಿಲ್ಲ. ಪಲ್ಲವಿ ತನ್ನ ಲೆಕ್ಕದಲ್ಲೇ ಮುಗಿಸಿ, ಗಿಟಾರು ತನ್ನ ಪಾಡಿಗೆ ಹೋಗುತ್ತಿರುವಾಗ ಮೈಕಿಗೆ ಬಾಗಿ, ಗಾಜಿನ ಕೋಣೆಯ ಧ್ವನಿಯಲ್ಲಿ ಹೇಳಿದಳು:

"ಪ್ರಯಾಣಿಕರ ಗಮನಕ್ಕೆ. ಮೇಲಕ್ಕೆ ಹೋಗೋ ಬಸ್ಸು ರದ್ದಾಗಿದೆ. ದಯವಿಟ್ಟು ಇದರಲ್ಲೇ ಹತ್ಕೊಳ್ಳಿ."

ನಗು ಅಡಗಲು ಸ್ವಲ್ಪ ಹೊತ್ತು ಹಿಡಿಯಿತು. ಬಾವ ಅಷ್ಟು ಹೊತ್ತು ತಾಳ ಹಿಡಿದುಕೊಂಡೇ ಇದ್ದರು. ಅಕ್ಕ ಮುಂದಿನ ಸಾಲು ತೆಗೆದಾಗ ಸಭೆ ಮೊದಲು ಬಾಯಿ ಮುಚ್ಚಿ ಕೇಳಿತು, ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ತಡವರಿಸುತ್ತ ಧ್ವನಿ ತಗ್ಗಿಸಿ ಹುಡುಕಿದರು. ಎರಡನೆಯ ಪಲ್ಲವಿಯ ಹೊತ್ತಿಗೆ ಅಷ್ಟೂ ಜನ ಇಳಿದು ಬಂದು ಅವಳ ಪಕ್ಕಕ್ಕೆ ಸೇರಿಕೊಂಡಿದ್ದರು, ಅವಳು ಉಸಿರು ತೆಗೆದುಕೊಂಡಲ್ಲಿ ತಾವೂ ತೆಗೆದುಕೊಳ್ಳುತ್ತ.